1099 ಪೋರ್ಟ್ ತೆರೆದರೂ ಸ್ಪ್ರಿಂಗ್ ರಿಮೋಟ್ ಕಾಲ್ ಏಕೆ ನೇತಾಡುತ್ತದೆ?

ಮಂಡ್ಯದ ಸಕ್ಕರೆ ಕಾರ್ಖಾನೆಯೊಂದರ ವೇಬ್ರಿಡ್ಜ್ ಪಕ್ಕ ಒಂದು ಸರ್ವರ್, ಕಬ್ಬಿನ ಬಿಲ್ ಮಾಡುವ ಸರ್ವರ್ ಮೈಸೂರಿನಲ್ಲಿ ಅಂತಿಟ್ಟುಕೊಳ್ಳಿ. ಲಾರಿ ತೂಗಿದ ಕೂಡಲೇ ನಿವ್ವಳ ತೂಕ ಮೈಸೂರಿಗೆ ಹೋಗಬೇಕು. ಹಳೇ ಜಾವಾ ಪ್ರಾಜೆಕ್ಟುಗಳಲ್ಲಿ ಇದಕ್ಕೆ ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕ್‌ನ ಆರ್‌ಎಂಐ (ಒಂದು ಮೆಷಿನ್‌ನಿಂದ ಇನ್ನೊಂದರ ಮೆಥಡ್ ಕರೆಯುವ ವಿಧಾನ) ಇರುತ್ತದೆ: ಮೈಸೂರಿನಲ್ಲಿ ಆರ್‌ಎಂಐ ಸರ್ವಿಸ್ ಎಕ್ಸ್‌ಪೋರ್ಟರ್, ಮಂಡ್ಯದಲ್ಲಿ ಆರ್‌ಎಂಐ ಪ್ರಾಕ್ಸಿ ಫ್ಯಾಕ್ಟರಿ ಬೀನ್, ಎರಡೂ ಕಡೆ ಒಂದೇ ಇಂಟರ್‌ಫೇಸ್.

ಕೋಡ್ ಬರೆಯೋದು ಸುಲಭ, ಕಾಡೋದು ಪೋರ್ಟು. ಫೈರ್‌ವಾಲ್‌ನಲ್ಲಿ ಸಾಮಾನ್ಯವಾಗಿ 1099 ಒಂದನ್ನೇ ತೆರೆಸಿರುತ್ತಾರೆ. ಅದು ರಿಜಿಸ್ಟ್ರಿ, ಸರ್ವಿಸ್ ಎಲ್ಲಿದೆ ಅಂತ ಹೇಳಿ ಸುಮ್ಮನಾಗುತ್ತದೆ. ಮೆಥಡ್ ಕಾಲ್ ಹೋಗುವುದು ಬೇರೆ ಪೋರ್ಟಿಗೆ. ಎಕ್ಸ್‌ಪೋರ್ಟರ್‌ನ ‘ಸರ್ವಿಸ್ ಪೋರ್ಟ್’ ಪ್ರಾಪರ್ಟಿಯನ್ನು ಮುಟ್ಟದೆ ಬಿಟ್ಟರೆ ಅದು 0, ಅಂದರೆ ಯಾವುದೋ ಖಾಲಿ ಪೋರ್ಟು, ರೀಸ್ಟಾರ್ಟ್ ಆದಾಗ ಮತ್ತೊಂದು. ಹಾಗಾಗಿ ಲುಕಪ್ (ರಿಜಿಸ್ಟ್ರಿಯಲ್ಲಿ ಸರ್ವಿಸ್ ಹುಡುಕುವುದು) ಸಲೀಸಾಗಿ ಆಗುತ್ತದೆ, ಮೊದಲ ಕಾಲ್ ಅಲ್ಲೇ ನೇತಾಡುತ್ತದೆ. 1199 ಅಂತಲೋ ಏನೋ ಒಂದು ನಂಬರ್ ಗಟ್ಟಿ ಮಾಡಿ, ಎರಡೂ ಪೋರ್ಟ್ ತೆರೆಸಿ.

ಕ್ಲೈಂಟ್ ಲಾಗ್‌ನಲ್ಲಿ 127.0.1.1ಕ್ಕೆ ‘ಕನೆಕ್ಷನ್ ರಿಫ್ಯೂಸ್ಡ್’ ಅಂತ ಬಂದರೆ ನೆಟ್‌ವರ್ಕಿನವರನ್ನು ಬೈಯಬೇಡಿ. ಸರ್ವರ್ ತನ್ನ ವಿಳಾಸವನ್ನು ಸ್ಟಬ್‌ನೊಳಗೆ (ಕ್ಲೈಂಟ್ ಕೈಗೆ ಸಿಗುವ, ಸರ್ವಿಸ್‌ನ ಪ್ರತಿನಿಧಿ ಆಬ್ಜೆಕ್ಟು) ಬರೆದು ಕಳಿಸುತ್ತದೆ. ಉಬುಂಟುವಿನ ಹೋಸ್ಟ್ಸ್ ಫೈಲ್‌ನಲ್ಲಿ ಮೆಷಿನ್ ಹೆಸರಿನ ಮುಂದೆ ಆ ನಂಬರೇ ಇರುತ್ತದೆ, ಅದು ಯಾವ ಮೆಷಿನ್‌ನಲ್ಲಿ ಬಳಸಿದರೂ ಆ ಮೆಷಿನ್ ಅಂತಲೇ ಅರ್ಥ. ಪಾಪ, ಮಂಡ್ಯದ ಕ್ಲೈಂಟ್ ತನ್ನೊಳಗೇ ಬಿಲ್ಲಿಂಗ್ ಸರ್ವರ್ ಹುಡುಕುತ್ತಿರುತ್ತದೆ. ಸರ್ವರ್ ಕಡೆಯ ಜೆವಿಎಂಗೆ (ಜಾವಾ ಕೋಡ್ ಓಡಿಸುವ ಪ್ರೋಗ್ರಾಮ್) ‘ಜಾವಾ ಡಾಟ್ ಆರ್‌ಎಂಐ ಡಾಟ್ ಸರ್ವರ್ ಡಾಟ್ ಹೋಸ್ಟ್‌ನೇಮ್’ ಪ್ರಾಪರ್ಟಿಯಲ್ಲಿ ಮಂಡ್ಯದಿಂದ ತಲುಪುವ ಐಪಿ ಕೊಟ್ಟರೆ ಮುಗಿಯಿತು. ಸರ್ವರ್ ರೀಸ್ಟಾರ್ಟ್ ಆದಮೇಲೆ ಕ್ಲೈಂಟ್ ತಾನೇ ಚೇತರಿಸಿಕೊಳ್ಳಬೇಕಾದರೆ ‘ರಿಫ್ರೆಶ್ ಸ್ಟಬ್ ಆನ್ ಕನೆಕ್ಟ್ ಫೇಲ್ಯೂರ್’ ಟ್ರೂ ಮಾಡಿ, ಡಿಫಾಲ್ಟ್ ಫಾಲ್ಸ್.

ಇದೆಲ್ಲ ಹಳೇ ಸಿಸ್ಟಮ್ ಓಡಿಸುವವರಿಗೆ. ಆರ್‌ಎಂಐ, ಅದರಂಥವೇ ಆದ ಹೆಸಿಯನ್, ಎಚ್‌ಟಿಟಿಪಿ ಇನ್ವೋಕರ್ ಮೂರನ್ನೂ 2022ರ ಸ್ಪ್ರಿಂಗ್ 6 ಕಿತ್ತುಹಾಕಿದೆ. ಹೊರಗಿಂದ ಬಂದ ಜಾವಾ ಆಬ್ಜೆಕ್ಟನ್ನು ಕಣ್ಣುಮುಚ್ಚಿ ಡಿಸೀರಿಯಲೈಸ್ ಮಾಡುವುದು (ಬೈಟ್‌ಗಳಿಂದ ಮತ್ತೆ ಆಬ್ಜೆಕ್ಟ್ ಕಟ್ಟುವುದು) ಅಪಾಯ, ಹೋಗಿದ್ದೇ ಒಳ್ಳೆಯದಾಯಿತು.

ಹೊಸ ಸ್ಪ್ರಿಂಗ್‌ನಲ್ಲೂ ಇಂಟರ್‌ಫೇಸ್ ಉಳಿಸಿಕೊಳ್ಳಬಹುದು. ಮೆಥಡ್ ಮೇಲೆ ಪೋಸ್ಟ್‌ಎಕ್ಸ್‌ಚೇಂಜ್ ಅನೊಟೇಶನ್ ಹಾಕಿ, ಎಚ್‌ಟಿಟಿಪಿ ಕರೆ ಮಾಡುವ ರೆಸ್ಟ್‌ಕ್ಲೈಂಟ್‌ನ ಅಡಾಪ್ಟರನ್ನು ಎಚ್‌ಟಿಟಿಪಿ ಸರ್ವಿಸ್ ಪ್ರಾಕ್ಸಿ ಫ್ಯಾಕ್ಟರಿಗೆ ಕೊಟ್ಟರೆ ಕ್ಲೈಂಟ್ ಸಿದ್ಧ. 6.1ರಿಂದ ಅದೇ ಇಂಟರ್‌ಫೇಸನ್ನು ಸರ್ವರ್‌ನ ಕಂಟ್ರೋಲರ್ ಕೂಡ ಇಂಪ್ಲಿಮೆಂಟ್ ಮಾಡಬಹುದು. ತೂಕವನ್ನು ದಶಾಂಶದ ಡಬಲ್‌ನಲ್ಲಿ ಕಳಿಸಬೇಡಿ, ಪೂರ್ಣ ಕಿಲೋ ಲೆಕ್ಕದಲ್ಲಿ ಪೂರ್ಣಾಂಕದ ಲಾಂಗ್ ಸಾಕು.

ಟೈಮ್‌ಔಟ್ ನೀವೇ ಕೊಡಬೇಕು. ರೆಸ್ಟ್‌ಕ್ಲೈಂಟ್‌ಗೆ ಕೊಡಬಹುದಾದ ಸಿಂಪಲ್ ಕ್ಲೈಂಟ್ ಎಚ್‌ಟಿಟಿಪಿ ರಿಕ್ವೆಸ್ಟ್ ಫ್ಯಾಕ್ಟರಿಯಲ್ಲಿ ಡಿಫಾಲ್ಟಾಗಿ ಮಿತಿಯೇ ಇಲ್ಲ. ಕನೆಕ್ಟ್‌ಗೆ 2, ರೀಡ್‌ಗೆ 5 ಸೆಕೆಂಡಿನಿಂದ ಶುರು ಮಾಡಿ ನೋಡಿ. ರೀಡ್ ಟೈಮ್‌ಔಟ್ ಆಯಿತು ಅಂದ ಮಾತ್ರಕ್ಕೆ ಕೆಲಸ ಆಗಿಲ್ಲ ಅಂತಲ್ಲ: ಮೈಸೂರಿನಲ್ಲಿ ತೂಕ ಸೇವ್ ಆಗಿ, ಉತ್ತರ ಮಾತ್ರ ದಾರಿಯಲ್ಲಿ ಬಿದ್ದುಹೋಗಿರಬಹುದು. ಆಗ ರೀಟ್ರೈ ಮಾಡಿದರೆ ಒಂದೇ ಲಾರಿಯ ಕಬ್ಬಿಗೆ ರೈತನ ಖಾತೆಯಲ್ಲಿ ಎರಡು ಬಿಲ್. ತೂಕದ ಚೀಟಿ ನಂಬರನ್ನು ರಿಕ್ವೆಸ್ಟಿನಲ್ಲೇ ಕಳಿಸಿ, ಟೇಬಲ್‌ನಲ್ಲಿ ಆ ಕಾಲಮ್‌ಗೆ ಯೂನಿಕ್ (ಒಂದೇ ನಂಬರ್ ಎರಡು ಸಲ ಸೇರದ ನಿಯಮ) ಹಾಕಿ. ಎರಡನೇ ಸಲ ಬಂದದ್ದಕ್ಕೆ ಎರರ್ ಎಸೆಯದೆ ಮೊದಲಿನ ಉತ್ತರವನ್ನೇ ವಾಪಸ್ ಕೊಡಿ.