ಪುಣೆಯಿಂದ ಗೋವಾಕ್ಕೆ ಸೈಕಲ್: ದಿನಕ್ಕೆ ಎಷ್ಟು ಕಿಲೋಮೀಟರ್?

ಸಂಕ್ರಾಂತಿ ಮುಗಿದರೆ ಸಾಕು, ಫೋನು ಶುರು. ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಪುಣೆಯಲ್ಲಿ ಕೆಲಸಕ್ಕಿರುವ ಹುಡುಗರೇ ಜಾಸ್ತಿ. "ಅಣ್ಣಾರ, ಕೊಂಕಣದ ದಂಡೆ ಹಿಡಿದು ಗೋವಾಕ್ಕೆ ಸೈಕಲ್ ಮ್ಯಾಲೆ ಹೋಗಬೇಕಂತ ಮಾಡೀವಿ. ದಿನಕ್ಕ ಎಷ್ಟು ಕಿಲೋಮೀಟರ್ ಹಾಕ್ಕೊಳ್ಳೋಣ್ರಿ?"

ಕಿಲೋಮೀಟರ್ ಲೆಕ್ಕ ಕೊನೆಗೆ ಮಾಡಿ ಅಂತ ನಾನು ಹೇಳುತ್ತೇನೆ. ಮೊದಲು ಎಷ್ಟು ಮೀಟರ್ ಏರಬೇಕು ಅಂತ ನೋಡಿ. ಆಮೇಲೆ ರಾತ್ರಿ ಎಲ್ಲಿ ಮಲಗುತ್ತೀರಿ ಅಂತ ಗೊತ್ತುಮಾಡಿ. ಇವೆರಡು ಸರಿಹೋದರೆ ಕಿಲೋಮೀಟರ್ ತಾನಾಗಿ ಕೂಡಿಬರುತ್ತದೆ.

"ಸಮುದ್ರದ ದಂಡೆ ಅಂದ್ರೆ ಸಮತಟ್ಟು ಅಲ್ವಾ?" ಅಂತ ಕೇಳುವವರು ಬಹಳ. ಕೇರಳದ ಫೋಟೋ ನೋಡಿ ಹಾಗನ್ನಿಸುತ್ತೋ ಏನೋ. ಕೊಂಕಣದ ದಂಡೆ ಹಾಗಿಲ್ಲ. ಊರುಗಳು ಖಾಡಿಯ, ಅಂದರೆ ಸಮುದ್ರದ ನೀರು ಒಳನುಗ್ಗುವ ಹಿನ್ನೀರಿನ, ಬಾಯಲ್ಲಿ, ನೀರಿನ ಮಟ್ಟದಲ್ಲಿವೆ. ಎರಡು ಖಾಡಿಗಳ ನಡುವೆ ಕೆಂಪು ಕಲ್ಲಿನ ಬಯಲು ದಿಬ್ಬ. ಅದಕ್ಕೆ ಅಲ್ಲಿಯವರು ಸಡಾ ಅನ್ನುತ್ತಾರೆ. ರಸ್ತೆ ಊರಿನಿಂದ ಸಡಾ ಹತ್ತುತ್ತದೆ, ಆಚೆ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಒಂದೊಂದು ಏರು ನೂರು, ನೂರೈವತ್ತು ಮೀಟರ್ ಇರಬಹುದು, ಆದರೆ ಕಡಿದು. ಸಂಜೆ ಕೂತು ಕೂಡಿಸಿದರೆ ಒಂದು ದೊಡ್ಡ ಘಾಟ್ ಹತ್ತಿದ್ದಕ್ಕಿಂತ ಜಾಸ್ತಿ ಆಗಿರುತ್ತದೆ.

ಲೆಕ್ಕ ಹಾಕುವುದು ಹೇಗೆ? ಸ್ಕಾಟ್ಲೆಂಡಿನಲ್ಲಿ ಬೆಟ್ಟ ಹತ್ತುತ್ತಿದ್ದ ವಿಲಿಯಂ ನೈಸ್ಮಿತ್ 1892ರಲ್ಲಿ ನಡೆಯುವವರಿಗೆ ಅಂತ ಒಂದು ಸೂತ್ರ ಕೊಟ್ಟಿದ್ದ. ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಅದನ್ನೇ ನಾನು ಸೈಕಲ್ಲಿಗೆ ಹೊಂದಿಸಿಕೊಂಡಿದ್ದೇನೆ: 15 ಕಿ.ಮೀ.ಗೆ ಒಂದು ಗಂಟೆ, ಪ್ರತಿ 400 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೆದ್ದಾರಿಯಲ್ಲಿ 110 ಕಿ.ಮೀ., ಏರು 600 ಮೀಟರ್ ಅಂದುಕೊಳ್ಳಿ. ಒಂಬತ್ತು ಗಂಟೆಗೆ ಸ್ವಲ್ಪ ಕಮ್ಮಿ. ದಂಡೆಯ ರಸ್ತೆಯಲ್ಲಿ 80 ಕಿ.ಮೀ., ಏರು 1,500 ಮೀಟರ್. ಅದೂ ಒಂಬತ್ತೇ ಗಂಟೆ! ಊಟ, ಚಹಾ, ಫೆರಿಗೆ ಕಾಯೋದು ಬೇರೆ. ಹಾಗಾಗಿ ದಂಡೆಯಲ್ಲಿ ದಿನಕ್ಕೆ 60–65 ಕಿ.ಮೀ. ಸಾಕು ಅನ್ನೋದು ನನ್ನ ಮಾತು. ಹುಡುಗರು ಮುಖ ಸಣ್ಣ ಮಾಡುತ್ತಾರೆ. ಮಾಡಲಿ.

ಸಾಮಾನಿನ ವಿಷಯವೂ ಇದೇ ಲೆಕ್ಕದೊಳಗೆ ಬರುತ್ತದೆ. ಕಡಿದಾದ ಏರಿನಲ್ಲಿ ನಿಮ್ಮ ಶಕ್ತಿಯೆಲ್ಲ ಭಾರ ಮೇಲೆತ್ತುವುದಕ್ಕೇ ಹೋಗುತ್ತದೆ. ನೀವು, ಸೈಕಲ್ ಸೇರಿ 80 ಕಿಲೋ ಇದ್ದು, ಬ್ಯಾಗು 8 ಕಿಲೋ ಆದರೆ ಏರುವ ಸಮಯ ಹತ್ತರಲ್ಲಿ ಒಂದು ಪಾಲು ಹೆಚ್ಚಾಯಿತು. ಬೆನ್ನಿಗೆ ಬ್ಯಾಗ್ ಹಾಕಬೇಡಿ, ಹಿಂದೆ ಕ್ಯಾರಿಯರ್ ಕಟ್ಟಿಸಿ. ಗೇರಿನಲ್ಲಿ ಪೆಡಲ್ ಹತ್ತಿರದ ಸಣ್ಣ ಹಲ್ಲುಚಕ್ರಕ್ಕಿಂತ ಹಿಂದಿನ ದೊಡ್ಡ ಹಲ್ಲುಚಕ್ರದ ಹಲ್ಲು ಜಾಸ್ತಿ ಇರಲಿ, ಕಡೇ ಪಕ್ಷ ಸಮ ಇರಲಿ. ಸಾಮಾನು ಕಟ್ಟಿಕೊಂಡೇ ಒಮ್ಮೆ ಪುಣೆ ಹತ್ತಿರದ ಸಿಂಹಗಡ ಕೋಟೆ ಹತ್ತಿ ನೋಡಿ. ಇಳಿದು ನೂಕದೆ ಮೇಲೆ ಮುಟ್ಟಿದರೆ ಕೊಂಕಣದ ಯಾವ ಏರೂ ನಿಮ್ಮನ್ನು ಹೆದರಿಸುವುದಿಲ್ಲ.

ಇನ್ನು ಮಲಗುವ ಜಾಗ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ. ಏರಿನ ಬುಡದಲ್ಲಿ ಮಲಗಬೇಕು. ಬೆಳಿಗ್ಗೆ ತಂಪು, ಕಾಲು ಹೊಸದು, ದಿನದ ದೊಡ್ಡ ಏರು ಒಂಬತ್ತರೊಳಗೆ ಮುಗಿಯಬೇಕು. ಫೆಬ್ರವರಿ ಕೊನೆಗೆ ಪುಣೆಯ ಮುಂಜಾವಿನಲ್ಲಿ ಸ್ವೆಟರ್ ಬೇಕು, ಮಧ್ಯಾಹ್ನ 33–34 ಡಿಗ್ರಿ. ಘಾಟ್ ಇಳಿದ ಮೇಲೆ ಚಳಿಯೂ ಇಲ್ಲ, ಬೆವರು ಆರುವುದೂ ಇಲ್ಲ. ಮಧ್ಯಾಹ್ನ ಸಮುದ್ರದ ಗಾಳಿ ಬೀಸಿದರೆ ಜೀವ ಬರುತ್ತದೆ. ಮಾರ್ಚಿನಲ್ಲಿ ಕೆಲವು ದಿನ ಒಳನಾಡಿನ ಪೂರ್ವದ ಗಾಳಿ ಜೋರಾಗಿ, ಸಮುದ್ರದ ಗಾಳಿ ತಡವಾಗಿ ಏಳುತ್ತದೆ. ಅಂಥ ದಿನ ದಂಡೆಯಲ್ಲೂ 38–39 ಡಿಗ್ರಿ ಮುಟ್ಟುತ್ತದೆ. ಸಡಾದ ಮೇಲೆ ಮೈಲಿಗಟ್ಟಲೆ ಒಂದು ಮರ ಇರುವುದಿಲ್ಲ. ಹನ್ನೊಂದೂವರೆಯಿಂದ ಮೂರೂವರೆವರೆಗೆ ಎಲ್ಲಾದರೂ ದೇವಸ್ಥಾನದ ಕಟ್ಟೆಯ ಮೇಲೆ ಬಿದ್ದುಕೊಳ್ಳಿ. ಅಂಗಡಿಗಳೂ ಆಗ ಬಾಗಿಲು ಹಾಕಿರುತ್ತವೆ, ನೀವೊಬ್ಬರೇ ಯಾಕೆ ದುಡಿಯುತ್ತೀರಿ?

ಉತ್ತರದಿಂದ ದಕ್ಷಿಣಕ್ಕೇ ಹೋಗಿ ಅನ್ನುವುದಕ್ಕೂ ಗಾಳಿಯೇ ಕಾರಣ. ಈ ತಿಂಗಳುಗಳಲ್ಲಿ ಮಧ್ಯಾಹ್ನದ ಮೇಲೆ ದಂಡೆಯಲ್ಲಿ ಹೆಚ್ಚಾಗಿ ವಾಯವ್ಯದ ಗಾಳಿ. ಗೋವಾ ಕಡೆ ಹೊರಟವರಿಗೆ ಬೆನ್ನಿಗೆ ಸಿಗುತ್ತದೆ, ಎದುರು ಬರುವವರಿಗೆ ಮುಖಕ್ಕೆ.

ದಾರಿ ಹೇಳುತ್ತೇನೆ. ಪುಣೆಯಿಂದ ಮುಳಶಿ, ತಾಮ್ಹಿಣಿ ಘಾಟ್ ಇಳಿದು ಮಾಣಗಾಂವ್. ಶನಿವಾರ, ಭಾನುವಾರ ಬೇಡ, ಕಾರುಗಳ ಜಾತ್ರೆ. ಅಲ್ಲಿಂದ ಶ್ರೀವರ್ಧನ, ಹರಿಹರೇಶ್ವರ. ಬಾಗಮಾಂಡ್ಲಾದಲ್ಲಿ ಫೆರಿ ಹತ್ತಿ ವೇಶ್ವಿಗೆ. ಮುಂದೆ ಹರ್ಣೈ, ದಾಭೋಳ, ಮತ್ತೊಂದು ಫೆರಿ, ಧೋಪಾವೆ, ಗುಹಾಗರ. ತವಸಾಳದಿಂದ ಜಯಗಡಕ್ಕೆ ಇನ್ನೊಂದು ಫೆರಿ. ಆಮೇಲೆ ಗಣಪತಿಪುಳೆ, ರತ್ನಾಗಿರಿ, ವಿಜಯದುರ್ಗ, ದೇವಗಡ, ಮಾಲ್ವಣ, ವೆಂಗುರ್ಲಾ, ರೆಡಿ. ತೆರೇಖೋಲಿನಿಂದ ಕೇರಿ ಅನ್ನುವ ಊರಿಗೆ ನದಿ ದಾಟಿದರೆ ಗೋವಾದ ಬೀಚು. ಮುಂಬೈಯವರು ಭಾವುಚಾ ಧಕ್ಕಾ ಜೆಟ್ಟಿಯಿಂದ ಮಾಂಡವಾಕ್ಕೆ ರೋ-ರೋ (ಗಾಡಿ ಒಯ್ಯುವ ಹಡಗು) ಹಿಡಿದು ಅಲಿಬಾಗ್ ಮೇಲೆ ಬಂದು ಸೇರಿಕೊಳ್ಳಬಹುದು. ಮುಂಬೈಯಿಂದ ಸಮುದ್ರ ದಾಟುವ ಅಟಲ್ ಸೇತುವೆಯ ಮೇಲೆ ಬೈಕನ್ನೇ ಬಿಡುವುದಿಲ್ಲ, ಸೈಕಲ್ ಎಲ್ಲಿಂದ ಬಂತು.

ಫೆರಿಯ ಕೊನೆ ಸಮಯ ಹಿಂದಿನ ದಿನವೇ ಕೇಳಿಕೊಳ್ಳಿ. ಆಚೆ ದಡದಲ್ಲಿ ರೂಮು ಸಿಗುವ ಹಾಗಿದ್ದರೆ ಸಂಜೆಯೇ ದಾಟಿಬಿಡಿ. ಇಲ್ಲದಿದ್ದರೆ ಮಾರನೇ ದಿನದ ತಂಪು ಹೊತ್ತು ಜೆಟ್ಟಿಯ ಮೇಲೆ ಕಾಯುವುದರಲ್ಲೇ ಕಳೆಯುತ್ತದೆ.

ಕ್ಯಾಲೆಂಡರ್ ನೋಡದೆ ರಜೆ ಹಾಕಬೇಡಿ. ಶಿವರಾತ್ರಿಗೆ ಹರಿಹರೇಶ್ವರದಲ್ಲಿ, ದೇವಗಡದ ಹತ್ತಿರ ಕುಣಕೇಶ್ವರದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹೋಳಿ ಅಂದರೆ ಕೊಂಕಣಿಗರಿಗೆ ಶಿಮಗಾ. ಮುಂಬೈಯಲ್ಲಿರುವವರೆಲ್ಲ ಊರಿಗೆ ಬರುತ್ತಾರೆ, ದೇವರ ಪಾಲಖಿ ಮನೆ ಮನೆಗೆ ಹೋಗುತ್ತದೆ. ನೋಡಲು ಚೆಂದ, ರೂಮು ಹುಡುಕಲು ಕಷ್ಟ. ಎರಡರ ನಡುವೆ ಸುಮಾರು ಎರಡು ವಾರ ಸಿಗುತ್ತದೆ. ನಾನಾದರೆ ಅದರಲ್ಲೇ ಹೊರಡುತ್ತೇನೆ. ಮುತ್ತುಗ, ಬೂರುಗ ಹೂ ಬಿಟ್ಟಿರುತ್ತವೆ, ಗೋಡಂಬಿ ಹಣ್ಣಿನ ವಾಸನೆ ಶುರುವಾಗಿರುತ್ತದೆ. ಗೋವಾ ಮುಟ್ಟುವಷ್ಟರಲ್ಲಿ ಆ ಹಣ್ಣಿನಿಂದ ಇಳಿಸಿದ ಸಾರಾಯಿ, ಉರಾಕ್, ಬಂದಿರುತ್ತದೆ. ಬೇಕಾದವರಿಗೆ ಹೇಳಿದೆ ಅಷ್ಟೇ, ಸೈಕಲ್ ಬದಿಗಿಟ್ಟ ಮೇಲೆ. ಹಸಿರು ಬೆಟ್ಟ ಮಾತ್ರ ಕೇಳಬೇಡಿ. ಹುಲ್ಲು ಒಣಗಿರುತ್ತದೆ, ಕೆಲವು ಕಡೆ ಬೆಂಕಿ ಬಿದ್ದು ಹೊಗೆ ಏಳುತ್ತಿರುತ್ತದೆ. ಹೊಗೆ ಕಂಡರೆ ಏರು ಶುರುಮಾಡುವ ಮುಂಚೆ ನಿಲ್ಲಿ.

ಊಟದ ಬಗ್ಗೆ ಎರಡೇ ಮಾತು. ಮನೆ ಖಾನಾವಳಿಗೆ ಮೊದಲೇ ಫೋನ್ ಮಾಡಬೇಕು, ಹೋಗಿ ಕೂತರೆ ಬಡಿಸುವವರಿಲ್ಲ. ಬೆಳಿಗ್ಗೆ ಎಂಟರ ಮುಂಚೆ ಪೋಹೆ ಸಿಗದ ಊರೇ ಹೆಚ್ಚು, ಹಾಗಾಗಿ ಮನೆಯಿಂದ ಶೇಂಗಾ ಹೋಳಿಗೆ ಕಟ್ಟಿಸಿಕೊಂಡು ಹೋಗಿ. ಕೆಡುವುದಿಲ್ಲ, ಹೊಟ್ಟೆ ತುಂಬುತ್ತದೆ.

ರಿಪೇರಿಗೆ ಊರಿನ ಪಂಕ್ಚರ್ ಅಂಗಡಿಯನ್ನು ಪೂರ್ತಿ ನಂಬಬೇಡಿ. ನಿಮ್ಮ ಸೈಕಲ್ಲಿನ ವಾಲ್ವ್ ತೆಳು ಪ್ರೆಸ್ಟಾ ಆಗಿದ್ದರೆ ಅವರ ಪಂಪು ಕೂರುವುದಿಲ್ಲ. ಒಂದು ಸಣ್ಣ ಅಡಾಪ್ಟರ್, ಎರಡು ಟ್ಯೂಬು, ಬ್ರೇಕ್ ಪ್ಯಾಡು ಇಟ್ಟುಕೊಳ್ಳಿ. ಬ್ರೇಕ್ ಪ್ಯಾಡು ಯಾಕೆ ಅಂದರೆ ತಾಮ್ಹಿಣಿ ಇಳಿಯುವಾಗ ಗೊತ್ತಾಗುತ್ತದೆ. ಒಂದೇ ಸಮ ಬ್ರೇಕ್ ಹಿಡಿದರೆ ರಿಮ್ಮು ಕಾದುಹೋಗುತ್ತದೆ. ಬಿಟ್ಟು ಬಿಟ್ಟು ಹಿಡಿಯಿರಿ, ತಿರುವಿನ ಮುಂಚೆಯೇ ವೇಗ ಇಳಿಸಿ.

"ಸುಮ್ನೆ ಹೆದ್ದಾರಿ ಹಿಡಿದು ಕೊಲ್ಹಾಪುರದ ಮೇಲೆ ಹೋದರೆ?" ಹೋಗಬಹುದು. ನಿಪ್ಪಾಣಿ, ಸಂಕೇಶ್ವರ ದಾಟಿ ಆಜರಾ, ಆಂಬೋಲಿ ಇಳಿದರೆ ಸಾವಂತವಾಡಿ. ಏರು ಕಡಿಮೆ, ನಡುವೆ ಕನ್ನಡದ ಊಟವೂ ಸಿಗುತ್ತದೆ. ಆದರೆ ಇದು ಕಬ್ಬಿನ ಸುಗ್ಗಿ. ಹಿಂದೆ ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕತ್ತಲಲ್ಲೂ ಓಡುತ್ತವೆ, ಎಷ್ಟೋ ಸಲ ಹಿಂದೆ ದೀಪವೇ ಇರುವುದಿಲ್ಲ. ಹೊತ್ತು ಮುಳುಗಿದ ಮೇಲೆ ಆ ರಸ್ತೆಯಲ್ಲಿ ಇರಬೇಡಿ.

ವಾಪಸು ಬರುವಾಗ ಘಾಟ್ ಹತ್ತುವ ಹಟ ಬೇಕಿಲ್ಲ. ಗೋವಾ ಎಕ್ಸ್‌ಪ್ರೆಸ್ ಲೋಂಡಾ, ಬೆಳಗಾವಿ, ಮೀರಜ್ ಮೇಲೆ ಪುಣೆಗೆ ಬರುತ್ತದೆ. ಮಡಗಾಂವ್ ಪಾರ್ಸೆಲ್ ಆಫೀಸಿಗೆ ಒಂದೆರಡು ಗಂಟೆ ಮುಂಚೆ ಹೋಗಿ, ಟಿಕೆಟ್ ತೋರಿಸಿ ಸೈಕಲ್ಲನ್ನು ಲಗೇಜಿಗೆ ಹಾಕಿಸಿ. ರಾತ್ರಿ ಬಸ್ಸಾದರೆ ಚಕ್ರ ಬಿಚ್ಚಿ ಡಿಕ್ಕಿಯಲ್ಲಿ ಮಲಗಿಸಬೇಕು. ಗೇರು ಇರುವ ಬದಿ ಮೇಲಕ್ಕಿರಲಿ, ದುಡ್ಡಿನ ಮಾತು ಬಸ್ ಹತ್ತುವ ಮುಂಚೆಯೇ ಮುಗಿದಿರಲಿ.