ಕೆಂಗೇರಿಯ ಮನೆ, ಬಿಡದಿಯ ಸೀಟು

12 ಜನವರಿ 2025, ಭಾನುವಾರ

ಮಾವು ಹೂ ಬಿಟ್ಟಿದೆ. ಬೆಳಿಗ್ಗೆ ತೋಟದ ಕಡೆ ಹೋದಾಗ ನೋಡಿದೆ, ಮೇಲಿನ ಸಾಲಿನ ಮರಗಳಂತೂ ಎಲೆ ಕಾಣದ ಹಾಗೆ ಹೂವಿನಲ್ಲಿ ಮುಳುಗಿವೆ. ಮನೆಗೆ ಬಂದು ಸಂಭ್ರಮದಿಂದ ಹೇಳಿದರೆ ಇವರು "ಹತ್ತು ದಿನ ಆಯ್ತಲ್ಲ" ಅಂದರು. ಹತ್ತು ದಿನದಿಂದ ದಿನಕ್ಕೆರಡು ಸಲ ಅದೇ ಮರಗಳ ಪಕ್ಕದಲ್ಲೇ ನಾನು ಸ್ಕೂಟರ್ ಓಡಿಸಿದ್ದೇನೆ. ಬೆಳಿಗ್ಗೆ ಆರೂ ಕಾಲಿಗೆ ಕತ್ತಲು, ರಾತ್ರಿ ಎಂಟಕ್ಕೂ ಕತ್ತಲು. ವಾಸನೆ ಮಾತ್ರ ಬಂದಿತ್ತು. ಒಂಥರಾ ಸಿಹಿ, ಸ್ವಲ್ಪ ಒಗರು, ಹೆಲ್ಮೆಟ್ ಒಳಗೂ ನುಗ್ಗುವಂಥದ್ದು. ಯಾರದೋ ಮನೆಯಲ್ಲಿ ಏನೋ ಕಾಯಿಸುತ್ತಿದ್ದಾರೆ ಅಂದುಕೊಂಡು ಮುಂದೆ ಹೋಗಿದ್ದೆ.

ಹಳ್ಳಿಯಲ್ಲಿ ಇದ್ದೀಯಲ್ಲ, ಪುಣ್ಯವಂತೆ ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಅವರಿಗೆ ಈ ಹೂವಿನ ಕಥೆ ಹೇಳಬೇಕು.

ಬೆಂಗಳೂರಿನ ಕೆಂಗೇರಿಯಲ್ಲಿ ಬಾಡಿಗೆ ಮನೆ ಮಾಡುವ ವಿಷಯ ತಲೆಯಲ್ಲಿ ಕೊರೆಯಲು ಶುರುವಾಗಿ ಮೂರು ವಾರ ಆಯಿತು, ಇವತ್ತು ಬರೆದಾದರೂ ಮುಗಿಸೋಣ ಅಂತ ತಾರಸಿಯ ಬಿಸಿಲಲ್ಲಿ ಕೂತಿದ್ದೇನೆ, ಪಕ್ಕದಲ್ಲಿ ಎಳ್ಳಿಗೆ ಹೆಚ್ಚಿಟ್ಟ ಕೊಬ್ಬರಿ, ಅದಕ್ಕೆ ಕಾಗೆ ಕಾಯುವ ಕೆಲಸವೂ ನನ್ನದೇ.

2020ರ ಲಾಕ್‌ಡೌನಿನಲ್ಲಿ ವಿಜಯನಗರದ ಬಾಡಿಗೆ ಮನೆಗೆ ಬೀಗ ಹಾಕಿ ಎರಡು ತಿಂಗಳಿಗೆ ಅಂತ ಊರಿಗೆ ಬಂದೆವು. ಅಷ್ಟರಲ್ಲಿ ಇವರ ಕೆಲಸ ಹೋಯಿತು. ಮಾವನವರು ತೀರಿಕೊಂಡರು. ಹಿಪ್ಪುನೇರಳೆ ತೋಟ ನೋಡುವವರಿಲ್ಲ ಅಂತ ಇವರು ರೇಷ್ಮೆಗೆ ಇಳಿದರು, ಇಳಿದವರು ಅದರಲ್ಲೇ ನಿಂತರು. ನಾನು ಎರಡು ವರ್ಷ ಮನೆಯಿಂದಲೇ ಲೆಕ್ಕ ಬರೆದೆ. ಆಮೇಲೆ ನಮ್ಮ ಆಡಿಟರ್ ಸಾರ್ ಆಫೀಸಿಗೇ ಬನ್ನಿ ಅಂದರು. ಅಂದಿನಿಂದ ಇದೇ ದಾರಿ: ಮನೆಯಿಂದ ಚನ್ನಪಟ್ಟಣ ಸ್ಟೇಷನ್ನಿಗೆ 7 ಕಿಲೋಮೀಟರ್ ಸ್ಕೂಟರ್, ಅಲ್ಲಿಂದ ಬೆಂಗಳೂರಿಗೆ 60ರ ಹತ್ತಿರ ರೈಲು, ಸಿಟಿ ಸ್ಟೇಷನ್ನಿನಿಂದ ಎಂ.ಜಿ. ರಸ್ತೆಗೆ ಮೆಟ್ರೊ.

ಕೆಂಗೇರಿಯ ಮನೆ ಮೊದಲ ಮಹಡಿಯಲ್ಲಿದೆ, ಎರಡು ರೂಮು, ಮೆಟ್ರೊಗೆ ಹತ್ತು ನಿಮಿಷದ ನಡಿಗೆ. ಬಾಡಿಗೆ 16,000, ಅಡ್ವಾನ್ಸ್ ಒಂದು ಲಕ್ಷ. ಸೋಮವಾರದಿಂದ ಶನಿವಾರ ನಾನೂ ಮಗಳೂ ಅಲ್ಲಿ, ವಾರದ ಕೊನೆಗೆ ಇಲ್ಲಿ, ಇವರೂ ಅತ್ತೆಯೂ ಇಲ್ಲೇ. ಇದು ಪ್ಲಾನು. ಮನೆಯ ಓನರ್ ಆಂಟಿ ಸಂಕ್ರಾಂತಿಯೊಳಗೆ ಹೇಳಿ ಅಂದಿದ್ದಾರೆ. ಸಂಕ್ರಾಂತಿ ನಾಡಿದ್ದು. ಅತ್ತೆಗೆ ಹೇಳಿದಾಗ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. "ಧನುರ್ಮಾಸ್ದಲ್ಲಿ ಯಾರಾರ ಮನೆ ಬಿಡ್ತಾರೇನವ್ವ? ಹಬ್ಬ ಕಳೀಲಿ ಸುಮ್ಕಿರು" ಅಂದರು ಅಷ್ಟೆ. ಹಾಗಾಗಿ ಧನುರ್ಮಾಸದ ಹೆಸರಿನಲ್ಲಿ ಮೂರು ವಾರ ತಳ್ಳಿದ್ದೂ ಆಯಿತು.

ಇದೆಲ್ಲ ಶುರುವಾಗಿದ್ದು ಡಿಸೆಂಬರ್ 20ರಂದು. ಪ್ರತಿ ತಿಂಗಳ 20 ನಮ್ಮಂಥ ಆಫೀಸುಗಳಿಗೆ ಪರೀಕ್ಷೆಯ ದಿನ, ಜಿಎಸ್‌ಟಿ ರಿಟರ್ನ್ ಹಾಕಲು ಕೊನೇ ದಿನ. ಪಾರ್ಟಿಗಳು, ಅಂದರೆ ನಮ್ಮ ಗಿರಾಕಿಗಳು, ಬಿಲ್ಲಿನ ಕಂತೆ ತಂದು ಹಾಕುವುದೂ ಅವತ್ತೇ. ಮಗಳ ಸ್ಕೂಲ್ ಡೇ ಕೂಡ ಅವತ್ತೇ ಇತ್ತು, ಸಂಜೆ ಐದಕ್ಕೆ ಕೋಲಾಟ. ಬೇಗ ಬರುತ್ತೇನೆ ಅಂತ ಮಾತು ಕೊಟ್ಟಿದ್ದೆ. ಆಫೀಸು ಬಿಟ್ಟಾಗ ರಾತ್ರಿ ಎಂಟೂವರೆ. ರೈಲು ತಪ್ಪಿತು, ಓಡಿಹೋಗಿ ಬಸ್ ಹತ್ತಿದೆ, ಕೇಳದೆ ಹತ್ತಿದ್ದು ನನ್ನದೇ ತಪ್ಪು, ಅದು ಊರೊಳಗೆ ಬರುವ ಬಸ್ ಅಲ್ಲ. ಹೊಸ ಹೈವೇ ಬಂದಮೇಲೆ ರಾಮನಗರ, ಚನ್ನಪಟ್ಟಣ ಎರಡೂ ಬೈಪಾಸಿನ ಪಕ್ಕದ ದೀಪಗಳಾಗಿಬಿಟ್ಟಿವೆ. ಕೈಕಾಲು ಹಿಡಿದು ಬೈಪಾಸಿನಲ್ಲಿ ಇಳಿಸಿಕೊಂಡೆ, ಇವರು ಬಂದು ಕರೆದುಕೊಂಡು ಹೋದರು. ಮನೆ ಸೇರಿದಾಗ ಹನ್ನೊಂದೂ ಕಾಲು. ಮಗಳು ಮಲಗಿದ್ದಳು. ಹಸಿರು ಲಂಗ ಬಿಚ್ಚಿರಲಿಲ್ಲ, ತಲೆಯಲ್ಲಿ ಬಾಡಿದ ಕನಕಾಂಬರ, ಲಿಪ್‌ಸ್ಟಿಕ್ ದಿಂಬಿಗೆಲ್ಲ ಮೆತ್ತಿತ್ತು. "ಅಮ್ಮ ನೋಡ್ಲಿ ಅಂತ ಬಿಚ್ಚಕ್ಕೆ ಬಿಡ್ಲಿಲ್ಲ ಕನವ್ವ" ಅಂದರು ಅತ್ತೆ.

ಮಾರನೇ ದಿನವೇ ಮನೆ ಹುಡುಕಲು ಶುರು ಮಾಡಿದೆ.

ಲೆಕ್ಕ ಹಾಕದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಈಗ ಬೆಳಿಗ್ಗೆ 6:15ಕ್ಕೆ ಬಿಟ್ಟರೆ ಆಫೀಸಿನ ಬಾಗಿಲಿಗೆ 8:40. ಸಂಜೆ 6ಕ್ಕೆ ಹೊರಟರೆ ಮನೆಗೆ 8:15. ದಿನಕ್ಕೆ 4 ಗಂಟೆ 40 ನಿಮಿಷ. ಕೆಂಗೇರಿಯಿಂದಾದರೆ ಹೋಗಿ ಬರಲು ಹೆಚ್ಚೆಂದರೆ 1 ಗಂಟೆ 50 ನಿಮಿಷ. ಉಳಿಯುವುದು ಮೂರು ಗಂಟೆ ಅನ್ನೋಣ, ತಿಂಗಳಿಗೆ 24 ದಿನಕ್ಕೆ 72 ಗಂಟೆ. ಬಾಡಿಗೆ 16,000ವನ್ನು 72ರಿಂದ ಭಾಗಿಸಿದರೆ ಗಂಟೆಗೆ 222 ರೂಪಾಯಿ. ನನ್ನ ಸಂಬಳ 34,000. ದಿನಕ್ಕೆ ಎಂಟು ಗಂಟೆಯಂತೆ 192 ಗಂಟೆ. ಗಂಟೆಗೆ 177. ಅಂದರೆ ನನ್ನ ಗಂಟೆಯನ್ನು ಸಾರ್‌ಗೆ 177ಕ್ಕೆ ಮಾರಿ, ಓನರ್ ಆಂಟಿಯಿಂದ 222 ಕೊಟ್ಟು ವಾಪಸ್ ಕೊಂಡುಕೊಂಡ ಹಾಗೆ. ಪೆಟ್ರೋಲು, ಸ್ಕೂಟರ್ ಸ್ಟ್ಯಾಂಡು, ಪಾಸು ಉಳಿಯುತ್ತದೆ ನಿಜ, ಆದರೆ ಅದು ಮೆಟ್ರೊಗೂ ಎರಡನೇ ಗ್ಯಾಸ್ ಸಿಲಿಂಡರಿಗೂ ಹೋಗುತ್ತದೆ. ಯಾವುದಾದರೂ ಪಾರ್ಟಿ ಇಂಥ ವ್ಯಾಪಾರ ಮಾಡಿಕೊಂಡು ಬಂದಿದ್ದರೆ ಸಾರ್ ಫೈಲ್ ಮುಚ್ಚಿ ಕನ್ನಡಕ ತೆಗೆದು ಮೇಜಿನ ಮೇಲೆ ಇಡುತ್ತಿದ್ದರು.

ಆದರೆ ಅವತ್ತಿನ ಕೋಲಾಟ ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆ? ಇನ್ನೊಂದು ತೊಡಕೂ ಇದೆ. ರೈಲಿನ ಗಂಟೆಯೂ ಮೆಟ್ರೊದ ಗಂಟೆಯೂ ಒಂದೇ ತೂಕದ್ದಲ್ಲ.

ಬೆಳಗಿನ ರೈಲು ಚನ್ನಪಟ್ಟಣಕ್ಕೆ ಬರುವಷ್ಟರಲ್ಲಿ ಮಂಡ್ಯ, ಮದ್ದೂರಿನವರು ಸೀಟು ಹಿಡಿದು ಅರ್ಧ ನಿದ್ದೆ ಮುಗಿಸಿರುತ್ತಾರೆ. ನಾವು ನಿಲ್ಲಬೇಕು. ಆದರೆ ಎಲ್ಲಿ ನಿಲ್ಲಬೇಕು ಅನ್ನುವುದು ವಿದ್ಯೆ. ಬಿಡದಿಯಲ್ಲಿ ಫ್ಯಾಕ್ಟರಿಗೆ ಇಳಿಯುವವರು ಇರುತ್ತಾರಲ್ಲ, ಅವರ ಮುಂದೆ ನಿಲ್ಲಬೇಕು. ಅವರ ಮುಖ, ಟಿಫಿನ್ ಬ್ಯಾಗು, ಯಾರು ಸೋಮವಾರ ರಜೆ ಎಲ್ಲವೂ ನನಗೆ ಬಾಯಿಪಾಠ. ರಾಮನಗರದಲ್ಲಿ ಹತ್ತುವವರಿಗೆ ಆ ಜಾಗ ಬಿಟ್ಟುಕೊಡುವುದಿಲ್ಲ. ಬಿಡದಿಯಿಂದ ಸಿಟಿಯವರೆಗೆ ಆ ಸೀಟಿನಲ್ಲಿ ಮಾಡುವ ನಿದ್ದೆ ಇದೆಯಲ್ಲ, ಮನೆಯ ಹಾಸಿಗೆಯಲ್ಲೂ ಅಂಥದ್ದು ಬರುವುದಿಲ್ಲ. ಮೊದಲೆಲ್ಲ ಒಂದೇ ಹಳಿ ಇದ್ದಾಗ ಈ ಲೈನಿನಲ್ಲಿ ಕ್ರಾಸಿಂಗ್ ಅಂತ, ಎದುರು ರೈಲಿಗೆ ದಾರಿ ಬಿಡಲು, ನಿಲ್ಲಿಸಿಬಿಡುತ್ತಿದ್ದರಂತೆ, ಹಳೇ ಪಾಸಿನವರು ಈಗಲೂ ಅದನ್ನು ಹೇಳಿ ನಗುತ್ತಾರೆ. ಜೋಡಿ ಹಳಿಗೆ ಜಾಗ ಮಾಡಲು 2017ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನು ಒಡೆಯದೆ ಇಡೀ ಕಟ್ಟಡವನ್ನೇ ಪಕ್ಕಕ್ಕೆ ಸರಿಸಿದರು. ಅಷ್ಟು ದೊಡ್ಡ ಕಟ್ಟಡ ಸರಿಯಿತು, ನಮ್ಮ ಬೋಗಿಯಲ್ಲಿ ನಾಲ್ಕನೆಯವಳಿಗೆ ಅಂತ ಮೂರು ಜನ ಸರಿಯಲು ಮಾತ್ರ ಕಷ್ಟ.

ಸಂಜೆಯ ಕಥೆ ಬೇರೆ. ಸಿಟಿಯಲ್ಲಿ ರೈಲು ಹೊರಡುವ ಕಾಲು ಗಂಟೆ ಮುಂಚೆ ಹೋದರೆ ಸೀಟು ಸಿಗುತ್ತದೆ. ಈಗ ಅವರೆಕಾಯಿ ಕಾಲ. ಲೇಡೀಸ್ ಬೋಗಿಯಲ್ಲಿ ಒಬ್ಬರು ಚೀಲ ಬಿಚ್ಚಿದರೆ ಸಾಕು, ಎದುರಿಗಿರುವ ಎಲ್ಲರ ಕೈಯೂ ಅದರೊಳಗೆ. ಯಾರ ಕಾಯಿ, ಯಾರ ಮನೆ ಸಾರು ಅಂತ ಯಾರೂ ಕೇಳುವುದಿಲ್ಲ. ಕೇತೋಹಳ್ಳಿ ದಾಟುವಷ್ಟರಲ್ಲಿ ಮೂರು ಕೆಜಿ ಕಾಯಿ ಕಾಳಾಗಿರುತ್ತದೆ. ನಾನಂತೂ ನಮ್ಮ ಹೊಲದ ಕಾಯಿಯನ್ನೇ ಬೆಳಿಗ್ಗೆ ಚೀಲದಲ್ಲಿ ಒಯ್ದು, ಇಡೀ ದಿನ ಆಫೀಸಿನ ಮೇಜಿನ ಕೆಳಗಿಟ್ಟು, ಸಂಜೆ ರೈಲಿನಲ್ಲಿ ಬಿಡಿಸಿಕೊಂಡು ವಾಪಸ್ ತರುತ್ತೇನೆ. ಮನೆಯಲ್ಲಿ ಅಷ್ಟು ಕೈ ಎಲ್ಲಿ ಸಿಗುತ್ತದೆ? "ಅವರೆಕಾಯಿಗೂ ಒಂದು ಪಾಸ್ ಮಾಡಿಸು" ಅಂತ ಇವರು ಆಡಿಕೊಳ್ಳುತ್ತಾರೆ.

ಪಾಸ್ ಅಂದಾಗ ನೆನಪಾಯಿತು, ನನ್ನದು ಈ ತಿಂಗಳ ಕೊನೆಗೆ ಮುಗಿಯುತ್ತದೆ. ಮೂರು ತಿಂಗಳಿಗೆ ಒಟ್ಟಿಗೆ ಮಾಡಿಸಿದರೆ ಎರಡು ಮುಕ್ಕಾಲು ತಿಂಗಳ ದುಡ್ಡಿಗಿಂತ ಕಡಿಮೆ. ಕೆಂಗೇರಿ ಅಂತಾದರೆ ಅದೂ ಬೇಡ.

ಬಸ್ಸಿನಲ್ಲಿ ಹೋಗಬಹುದಲ್ಲ, ಹೆಂಗಸರಿಗೆ ಫ್ರೀ ಅಲ್ವಾ ಅಂತ ಕೇಳುವವರಿದ್ದಾರೆ. ಹೌದು, 2023ರ ಜೂನ್‌ನಿಂದ ಫ್ರೀ. ಮೊನ್ನೆ 5ನೇ ತಾರೀಕಿನಿಂದ ದರ ಏರಿಸಿದಾಗಲೂ ಗೊಣಗಿದ್ದು ಗಂಡಸರೇ. ಆದರೆ ಬಸ್ಸು ಕೆಂಗೇರಿ ಮುಟ್ಟುವುದು ಒಂದು ಪ್ರಯಾಣ, ಕೆಂಗೇರಿಯಿಂದ ಮುಂದೆ ಹೋಗುವುದು ಇನ್ನೊಂದು. ಕಾರಿನಲ್ಲಿ ಹೋಗುವ ನನ್ನ ಮೈದುನನಿಗೂ ಅದೇ ಗತಿ. ಹೈವೇಯಲ್ಲಿ ಉಳಿಸಿದ ಅರ್ಧ ಗಂಟೆಗೆ ಟೋಲ್ ಕಟ್ಟಿ, ಅದೇ ಅರ್ಧ ಗಂಟೆಯನ್ನು ನಾಯಂಡಹಳ್ಳಿಯ ಟ್ರಾಫಿಕ್ಕಿನಲ್ಲಿ ಬಿಟ್ಟುಬರುತ್ತಾನೆ.

ಊರಿನ ಬಗ್ಗೆಯೂ ಸುಳ್ಳು ಹೇಳಬಾರದು. ಒಳ್ಳೇ ಗಾಳಿ, ಒಳ್ಳೇ ನೀರು, ಎಲ್ಲಾ ಸರಿ. ನಮ್ಮ ತಾಲ್ಲೂಕಿನಲ್ಲಿ ಆನೆಯೂ ಇದೆ. ತೆಂಗಿನಕಲ್ಲು ಕಾಡಿನ ಕಡೆಯಿಂದ ಬಂದು ರಾಗಿ, ಬಾಳೆ, ತೆಂಗು ಯಾವುದನ್ನೂ ಬಿಡುವುದಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ನಾನು ನೋಡುವುದು ದೇವರ ಫೋಟೊ ಅಲ್ಲ, ಊರಿನ ವಾಟ್ಸಾಪ್ ಗ್ರೂಪು. "ಕೆರೆ ಏರಿ ಹತ್ರ ಮೂರು" ಅಂತ ಬಂದರೆ ಮುಗಿಯಿತು, ಸ್ಕೂಟರ್ ತೆಗೆಯುವ ಹಾಗಿಲ್ಲ, ಬೆಳಕಾಗುವವರೆಗೆ ಕಾಯಬೇಕು. ಹೋದ ತಿಂಗಳು ಎರಡು ಸಲ ಹಾಗಾಯಿತು. ಆಫೀಸಿನಲ್ಲಿ ಲೇಟಾಗಿದ್ದಕ್ಕೆ ಕಾರಣ ಆನೆ ಅಂತ ಬರೆದಾಗ ರಿಜಿಸ್ಟರ್ ನೋಡಿದ ಹುಡುಗ ನಂಬಲೇ ಇಲ್ಲ.

ಮಗಳಿಗೆ ಇವೆಲ್ಲ ಲೆಕ್ಕಕ್ಕಿಲ್ಲ. ನಾಲ್ಕೂವರೆಗೆ ವ್ಯಾನ್ ಇಳಿದರೆ ಬ್ಯಾಗ್ ಎಸೆದು ಓಡುತ್ತಾಳೆ. ಯಾವ ಮರದಲ್ಲಿ ಗೂಡಿದೆ, ಯಾವ ಹಸು ಯಾವತ್ತು ಕರು ಹಾಕಿತು, ಎಲ್ಲ ಗೊತ್ತು ಅವಳಿಗೆ. ಮಾವಿನ ಹೂವನ್ನು ನನಗಿಂತ ಹತ್ತು ದಿನ ಮೊದಲು ನೋಡಿದ್ದಾಳೆ. ಕೆಂಗೇರಿಗೆ ಹೋದರೆ ಸ್ಕೂಲ್ ಮುಗಿಸಿ ಬಂದು ಬೀಗ ತೆಗೆದು ನಾನು ಬರುವವರೆಗೆ ಒಬ್ಬಳೇ ಕೂರಬೇಕು, ಇಲ್ಲವೇ ಟ್ಯೂಷನ್ನಿಗೆ ಹಾಕಬೇಕು. ನನಗೆ ಅವಳ ಜೊತೆ ಎರಡು ಗಂಟೆ ಜಾಸ್ತಿ ಸಿಗಲಿ ಅಂತ ಅವಳ ಮೂರು ಗಂಟೆ ಕಿತ್ತುಕೊಳ್ಳುವುದಾ? ಇದು ನನಗೆ ಹೊಳೆದಿದ್ದು ಲೆಕ್ಕ ಹಾಕುವಾಗಲ್ಲ, ಹೋದ ಬುಧವಾರ ಹುಳುಮನೆಯಲ್ಲಿ.

ರಾತ್ರಿ ಊಟ ಆದಮೇಲೆ ಒಂಬತ್ತರ ಸೊಪ್ಪು ಹಾಕಲು ನಾನು ಇವರ ಜೊತೆ ಹೋಗುತ್ತೇನೆ. ಹುಳುಗಳು ನಾಲ್ಕನೇ ಜ್ವರ (ತಿನ್ನುವುದು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದಿದ್ದವು. ಆ ಹಸಿವಿಗೆ ಹಗಲು ರಾತ್ರಿ ಇಲ್ಲ. ಕಡ್ಡಿ ಸಮೇತ ಸೊಪ್ಪು ಹರಡಿದ ಎರಡೇ ನಿಮಿಷಕ್ಕೆ ಮೇಲಕ್ಕೆ ಹತ್ತಿ ಬರುತ್ತವೆ, ಚರಚರ ಅಂತ ಶುರುವಾಗುತ್ತದೆ. ಮಗಳು ಮಲಗಿರುತ್ತಾಳೆ ಅಂದುಕೊಂಡರೆ ಹಿಂದೆಯೇ ಬಂದಿದ್ದಳು. ಒಂದು ಹುಳುವನ್ನು ಅಂಗೈ ಮೇಲೆ ಬಿಟ್ಟುಕೊಂಡು, ಒಂದು ಎಲೆಯನ್ನು ಅದರ ಮುಂದೆ ಹಿಡಿದು, "ಅಮ್ಮ, ಇದು ಮೇಲಿಂದ ಕೆಳಕ್ಕೆ ತಿನ್ನುತ್ತೆ, ಆಮೇಲೆ ತಲೆ ಎತ್ತಿ ಮತ್ತೆ ಮೇಲಿಂದನೇ ಶುರು ಮಾಡುತ್ತೆ, ನೋಡಿದೀಯಾ?" ಅಂದಳು. ನೋಡಿರಲಿಲ್ಲ. ನಾಲ್ಕು ವರ್ಷದಿಂದ ಸೊಪ್ಪು ಹಾಕಿದ್ದೇನೆ, ತಲೆಯಾಡುವುದು ಕಂಡಿದ್ದೆ, ಪ್ರತಿ ಸಲ ಮೇಲಕ್ಕೆ ಹೋಗಿಯೇ ಶುರು ಮಾಡುತ್ತದೆ ಅನ್ನುವುದನ್ನು ನೋಡಿರಲಿಲ್ಲ. ಎಲೆಯ ಅಂಚು ಸಣ್ಣ ಅರ್ಧಚಂದ್ರದ ಹಾಗೆ ಕರಗುತ್ತಾ ಹೋಯಿತು. ಹತ್ತು ನಿಮಿಷ ಮೂರು ಜನವೂ ಅದನ್ನೇ ನೋಡಿಕೊಂಡು ನಿಂತಿದ್ದೆವು.

ಕೆಂಗೇರಿ ವಿಷಯ ಇವರ ಹತ್ತಿರ ಎತ್ತಿದರೆ "ನಿಂಗೆ ಹೆಂಗೆ ಅನುಕೂಲನೋ ಹಂಗೆ" ಅನ್ನುತ್ತಾರೆ. ಈ ಉತ್ತರದಷ್ಟು ಸಿಟ್ಟು ಬರಿಸುವುದು ಇನ್ನೊಂದಿಲ್ಲ. ಆಯಾಸ ಆಗುವುದು ನನಗೆ ಅಂದಮೇಲೆ ತೀರ್ಮಾನದ ಭಾರವೂ ನನಗೇ ಅಂತ ಅರ್ಥ ತಾನೆ? ಮೊನ್ನೆ ಸ್ವಲ್ಪ ಜೋರಾಗಿಯೇ ಕೇಳಿದೆ. ತುಂಬಾ ಹೊತ್ತು ಸುಮ್ನೆ ಇದ್ದು, "ನೀವಿಬ್ರೂ ಇಲ್ಲ ಅಂದ್ರೆ ರಾತ್ರಿ ಸೊಪ್ಪಿಗೆ ಆಳು ಇಡ್ಬೇಕು" ಅಂದರು. ಅವರ ಭಾಷೆಯಲ್ಲಿ ಅದು ಬಹಳ ದೊಡ್ಡ ಮಾತು. ಆದರೂ ಆಳಿನ ಲೆಕ್ಕದಲ್ಲಿ ಯಾಕೆ ಹೇಳಬೇಕಿತ್ತು ಅಂತ ಈಗಲೂ ಅನಿಸುತ್ತದೆ.

ಶುಕ್ರವಾರ ಧೈರ್ಯ ಮಾಡಿ ಸಾರ್ ಹತ್ತಿರ ಹೋದೆ. ನಾನು 8:40ಕ್ಕೆ ಬಂದು, ಆಫೀಸು ತೆಗೆಯುವ 9:30ರವರೆಗೆ ಕೆಳಗಿನ ದರ್ಶಿನಿಯಲ್ಲಿ ಒಂದೇ ಕಾಫಿ ಹಿಡಿದುಕೊಂಡು ನಿಲ್ಲುತ್ತೇನೆ. ದಿನಕ್ಕೆ 50 ನಿಮಿಷ! ಇದನ್ನು ಇಷ್ಟು ದಿನ ಯಾವ ಕಾಲಂನಲ್ಲೂ ಬರೆದಿರಲಿಲ್ಲ. ನನಗೊಂದು ಕೀ ಕೊಡಿ, ಬಂದ ತಕ್ಷಣ ಕೆಲಸ ಶುರು ಮಾಡುತ್ತೇನೆ, ಐದಕ್ಕೆ ಬಿಡಿ, ಐದೂವರೆಯ ಹೊತ್ತಿನ ರೈಲು ಸಿಕ್ಕರೆ ಏಳೂ ಕಾಲಿಗೆ ಮನೆಯಲ್ಲಿರುತ್ತೇನೆ ಅಂದೆ. 20ನೇ ತಾರೀಕು ಒಂದು ಬಿಟ್ಟು, ಅವತ್ತು ಎಷ್ಟು ಹೊತ್ತಾದರೂ ಸರಿ. ಸಾರ್ ಕನ್ನಡಕ ತೆಗೆಯಲಿಲ್ಲ, ಅದು ಒಳ್ಳೇ ಲಕ್ಷಣ. "ಹಬ್ಬ ಆಗ್ಲಿ, ನೋಡೋಣಮ್ಮ" ಅಂದರು. ಎಲ್ಲರಿಗೂ ಹಬ್ಬವೇ ಆಗಬೇಕು.

ಏಳೂ ಕಾಲಿಗೂ ಕತ್ತಲೇ, ಗೊತ್ತು. ಮಾವಿನ ಹೂವು ಆಗಲೂ ಕಾಣುವುದಿಲ್ಲ. ಮಗಳು ಎದ್ದಿರುತ್ತಾಳೆ ಅಷ್ಟೆ.

ಸಂಜೆ ಓನರ್ ಆಂಟಿಗೆ ಫೋನ್ ಮಾಡಿ ಸದ್ಯಕ್ಕೆ ಬೇಡ ಅಂದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ನಿನ್ನೆಯೇ ಯಾರೋ ಬಂದು ಎರಡು ಲಕ್ಷ ಅಡ್ವಾನ್ಸ್ ಕೊಡುತ್ತೇವೆ ಅಂದಿದ್ದಾರಂತೆ, ನನಗೆ ಹೇಗೆ ಹೇಳುವುದು ಅಂತ ಅವರೇ ಒದ್ದಾಡುತ್ತಿದ್ದರಂತೆ. ಸಾರ್ ಕೀ ಕೊಡದಿದ್ದರೆ ಏನು ಮಾಡುವುದು ಅಂತ ಫೋನ್ ಇಟ್ಟಮೇಲೆ ಹೊಳೆಯಿತು.

ಈಗ ರಾತ್ರಿ ಹತ್ತು. ಕೊಬ್ಬರಿಯಲ್ಲಿ ನಾಲ್ಕೈದು ಚೂರು ಕಾಗೆಯ ಪಾಲಾಯಿತು, ಅತ್ತೆ ಅದನ್ನು ಎಣಿಸಿದ್ದಾರೆ. ಅಲಾರಂ 4:45ಕ್ಕೆ ಇಟ್ಟೆ. ಸ್ಕೂಟರ್ ಹತ್ತಿರ ಹೋಗಿ ನೋಡಿದರೆ ಕಾಲಿಡುವ ಜಾಗದಲ್ಲಿ ಆಗಲೇ ಒಂದು ಚೀಲ ಕೂತಿದೆ, ಬಾಯಿ ಕಟ್ಟಿ. "ನಾಳಿಕೆ ರೈಲಲ್ಲಿ ಬಿಡಿಸ್ಕೊಂಬಾ, ಹಬ್ಬದ ಸಾರಿಗಾಯ್ತದೆ" ಅಂತ ಒಳಗಿನಿಂದ ಅತ್ತೆ ಕೂಗಿದರು. ಎತ್ತಿ ನೋಡಿದೆ. ನಾಲ್ಕು ಕೆಜಿಗೆ ಕಡಿಮೆಯಿಲ್ಲ.