ಆರೆ ದರೆಯ ಮುಚ್ಚಳದ ಜೇಡ: ಮೂರನೇ ಸುತ್ತು

ಜಾಗ: ಮುಂಬಯಿಯ ಗೋರೆಗಾಂವ್‌ನ ಆರೆ ಕಾಲನಿ, ಅರಣ್ಯದ ಗಡಿಯಿಂದ ಹೊರಗಿನ ರಸ್ತೆ ಬದಿಯ ಮಣ್ಣಿನ ದರೆ. 10 ಮೀಟರ್ ಉದ್ದ, ಬುಡದಿಂದ 1 ಮೀಟರ್ ಎತ್ತರದವರೆಗೆ. ಮೇ ತಿಂಗಳ ಈ ಸುತ್ತಿನ ಹೊತ್ತಿಗೆ ಗುರುತು ಬಿದ್ದ ಬಿಲಗಳು 14.

ಹುಡುಕಾಟ ಇಡಿಯೋಪ್ಸ್ ಬಾಂಬೇಯೆನ್ಸಿಸ್ ಜೇಡಕ್ಕಾಗಿ: ಮಣ್ಣಿನ ಬಿಲದಲ್ಲಿದ್ದು, ಅದರ ಬಾಯಿಗೆ ರೇಷ್ಮೆಯ ಕೀಲಿನ ಮುಚ್ಚಳ ಕಟ್ಟುವ ಜೇಡ. 2005ರಲ್ಲಿ ಹೆಸರು ಪಡೆದ ಈ ಜೇಡ ಊರಿನ ಹೆಸರನ್ನೇ ಹೊತ್ತಿದ್ದರೂ ಮುಂಬಯಿಯಲ್ಲಿ ಅದನ್ನು ಬಲ್ಲವರು ಕಡಿಮೆ. ಪಟ್ಟಿಯಲ್ಲಿ ಮಾತ್ರ ‘ಮುಚ್ಚಳದ ಬಿಲ’ ಎಂದಷ್ಟೇ ಬರೆದಿದ್ದೇವೆ, ಏಕೆಂದರೆ ಬೇರೆ ಕುಟುಂಬದ ಜೇಡಗಳೂ ಮುಚ್ಚಳ ನೇಯುತ್ತವೆ. ಬಿಲದ ಬಾಯಲ್ಲಿ ಜೇಡದ ಮುಖ ಕಂಡರೆ ಕುಟುಂಬ ಹೇಳಬಹುದು: ಎರಡು ಕಣ್ಣು ಮುಂದಂಚಿಗೇ ಅಂಟಿಕೊಂಡು, ಉಳಿದ ಆರು ಹಿಂದೆ ಗುಂಪುಗೂಡಿದ್ದರೆ ಇಡಿಯೋಪಿಡೇ, ಅಂದರೆ ಇಡಿಯೋಪ್ಸ್‌ನ ಕುಟುಂಬ. ಜಾತಿ ಖಚಿತವಾಗಲು ಬೆಳೆದ ಜೇಡದ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದಕ್ಕಾಗಿ ಬಿಲ ಅಗೆಯುವುದಿಲ್ಲ.

ಟಾರ್ಚನ್ನು ನೇರವಾಗಿ ಹಿಡಿದರೆ ಏನೂ ಕಾಣದು. ದರೆಗೆ ತಾಗಿಸಿ ಓರೆಯಾಗಿ ಬಿಟ್ಟರೆ ಮುಚ್ಚಳದ ಅಂಚು ಉಗುರಿನ ಗೀರಿನಷ್ಟು ತೆಳ್ಳಗಿನ ಅರ್ಧಚಂದ್ರ ನೆರಳು ಬೀಳಿಸುತ್ತದೆ. ಮೇಲೆ ಸುತ್ತಲಿನದೇ ಮಣ್ಣು, ಪಾಚಿ. ಬ್ರಷ್ ಆಡಿಸಬಾರದು, ಆ ಮರೆ ಜೇಡ ಕಷ್ಟಪಟ್ಟು ಕಟ್ಟಿದ್ದು. ಮುಚ್ಚಳ ಎತ್ತುವುದಂತೂ ಬೇಡವೇ ಬೇಡ: ಒಳಗಿನ ಜೇಡ ಕಾಲೂರಿ ಜಗ್ಗುತ್ತದೆ, ರೇಷ್ಮೆಯ ಕೀಲು ಹರಿಯುತ್ತದೆ.

ಬಣ್ಣದ ಬೆಂಕಿಕಡ್ಡಿಗಳ ಗುರುತು ಸೋತಿತು. ಬಣ್ಣ ಬಿಟ್ಟಿತು, ಕಡ್ಡಿ ಉದುರಿತು. ಈಗ 2 ಇಂಚಿನ ಸತು ಲೇಪಿಸಿದ ಮೊಳೆ, ಅದಕ್ಕೆ ಬಾಲ್‌ಪೆನ್‌ನಿಂದ ಒತ್ತಿ ಸಂಖ್ಯೆ ಬರೆದ ಅಲ್ಯೂಮಿನಿಯಂ ತಗಡು. ಮೊಳೆ ಬಿಲದಿಂದ 10 ಸೆಂ.ಮೀ. ಬಲಕ್ಕೆ, ಸುತ್ತಿಗೆ ಬೇಡ, ಕೈಯಲ್ಲೇ ಒತ್ತಬೇಕು.

ಅಳತೆಯಲ್ಲಿ ಮೊದಲೆರಡು ಸುತ್ತಿನ ಫೋಟೋ ಕೈಬಿಡಬೇಕಾಯಿತು. ಸ್ಕೇಲನ್ನು ಮುಚ್ಚಳಕ್ಕಿಂತ 1 ಸೆಂ.ಮೀ. ಮುಂದೆ ಹಿಡಿದಿದ್ದೆವು. ಲೆನ್ಸ್‌ನಿಂದ ಮುಚ್ಚಳ 15 ಸೆಂ.ಮೀ. ದೂರದಲ್ಲಿದ್ದರೆ ಸ್ಕೇಲ್ 7 ಶೇಕಡಾ ದೊಡ್ಡದಾಗಿ ಕಂಡು, 20 ಮಿ.ಮೀ. ಅಗಲದ ಮುಚ್ಚಳ 18.7ಕ್ಕೆ ಇಳಿಯುತ್ತದೆ. ಅಗಲವೇ ಜೇಡದ ಗಾತ್ರದ ಸುಳಿವು. ಹಾಗಾಗಿ ಈ ತಪ್ಪು ಸಣ್ಣದಲ್ಲ. ಸ್ಕೇಲ್ ದರೆಯ ಮೈಗೇ ಒರಗಿರಬೇಕು, ಕ್ಯಾಮೆರಾ ದರೆಯ ಇಳಿಜಾರಿಗೆ ನೇರವಾಗಿರಬೇಕು.

ಬಿಲದಲ್ಲಿ ಜೇಡ ಇದೆಯೇ ಎಂದು ತಿಳಿಯಲು ಸಂಜೆ ಮುಚ್ಚಳದ ತುಟಿಯ ಮೇಲೆ ಒಣ ಹುಲ್ಲಿನ ಎಳೆಯೊಂದನ್ನು ಅಡ್ಡ ಇಡುತ್ತೇವೆ. ಬೆಳಿಗ್ಗೆ ಜರುಗಿದ್ದರೆ ಬಹುಶಃ ಮುಚ್ಚಳ ತೆರೆದಿದೆ. ಗಾಳಿ, ಇರುವೆಯೂ ಅದನ್ನು ಸರಿಸಬಹುದು, ಆದ್ದರಿಂದ ಪಕ್ಕದ ಬರಿ ಮಣ್ಣಿನ ಮೇಲೂ ಒಂದು ಎಳೆ ಇರಲೇಬೇಕು. ಚಿರತೆ ಓಡಾಡುವ ಜಾಗ ಇದು. ಕತ್ತಲಾಗುವ ಮುಂಚೆ ಕೆಲಸ ಮುಗಿಸಬೇಕು, ಒಬ್ಬರೇ ಹೋಗಬಾರದು.

6 ಮತ್ತು 11ನೇ ಬಿಲಗಳ ಎಳೆ ಮೂರು ಬೆಳಿಗ್ಗೆಯೂ ಅಲುಗಲಿಲ್ಲ. ಒಣ ತಿಂಗಳಲ್ಲಿ ಇಂಥ ಜೇಡಗಳು ಒಳಗಿನಿಂದ ಮಣ್ಣು ಮೆತ್ತಿ ಬಾಯಿ ಮುಚ್ಚಿಕೊಳ್ಳುವುದುಂಟು. ಮೊದಲ ಮಳೆ ಬಿದ್ದ ವಾರ ಮತ್ತೆ ನೋಡುವವರೆಗೆ ಆ ಎರಡರ ಮುಂದೆ ‘ಖಾಲಿ’ ಎಂದು ಬರೆಯುವುದಿಲ್ಲ.